ಎಲ್ಲಿ ಹುಡುಕಿದೆ, ಎಲ್ಲಿ ಹುಡುಕಲಿಲ್ಲ

ಮಸ್ಕಿ ಸ್ವತಂತ್ರ ತಾಲ್ಲೂಕಾಗಿ ಕೆಲಸ ಶುರು ಮಾಡಿದ್ದು 2018ರಲ್ಲಿ. ಲಿಂಗಸುಗೂರಿನ ಒಂದಿಷ್ಟು ಹಳ್ಳಿ, ಸಿಂಧನೂರಿನ ಒಂದಿಷ್ಟು, ಮಾನ್ವಿಯ ಒಂದಿಷ್ಟು ಸೇರಿಸಿ ಹೊಸ ತಾಲ್ಲೂಕು ಮಾಡಿದರು. ಸಂತೆಕೆಲ್ಲೂರಿನವರು ಅಲ್ಲಿಯವರೆಗೆ ಲಿಂಗಸುಗೂರಿಗೆ ಹೋಗುತ್ತಿದ್ದರು, ಬಳಗಾನೂರಿನವರು ಸಿಂಧನೂರಿಗೆ. ಕಚೇರಿ ಬದಲಾಯಿತು, ಬೋರ್ಡು ಬದಲಾಯಿತು, ಅರ್ಜಿಯ ಮೇಲೆ ಬರೆಯುವ ವಿಳಾಸ ಬದಲಾಯಿತು. ಕಂಪ್ಯೂಟರಿನೊಳಗಿನ ಹಳೆಯ ಫೋಲ್ಡರುಗಳು ಮಾತ್ರ ಇದ್ದಲ್ಲೇ ಇದ್ದವು. ಅದಕ್ಕೂ ಮೊದಲು ಟೈಪಾದ ಬಳಗಾನೂರಿನ ಒಂದು ಕಾಗದ ಇವತ್ತಿಗೂ 'ಸಿಂಧನೂರು' ಎಂಬ ಫೋಲ್ಡರಿನೊಳಗೆ, ಯಾವುದೋ ವರ್ಷದೊಳಗೆ, ಯಾವುದೋ ತಿಂಗಳೊಳಗೆ ಕೂತಿರುತ್ತದೆ.

ಈ ಊರುಗಳಲ್ಲಿ ತಾಲ್ಲೂಕು ಕಚೇರಿಯ ಆಸುಪಾಸಿನ ಡಿಟಿಪಿ, ಝೆರಾಕ್ಸ್ ಅಂಗಡಿಗಳನ್ನು ನೋಡಿದವರಿಗೆ ಮುಂದಿನ ಮಾತು ಬಿಡಿಸಿ ಹೇಳಬೇಕಿಲ್ಲ. ಅಫಿಡವಿಟ್, ವಂಶಾವಳಿ, ಪಾಲುಪಟ್ಟಿಯ ಕರಡು, ಬಾಡಿಗೆ ಕರಾರು, ಮದುವೆ ಲಗ್ನಪತ್ರಿಕೆ, ಸಂಘದ ಠರಾವು ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಟೈಪಾಗುತ್ತವೆ. ಐದಾರು ವರ್ಷ ಕಳೆದ ಮೇಲೆ ಯಾರೋ ಬಂದು, ಆಗ ಟೈಪು ಮಾಡಿಸಿದ ಕಾಗದ ಕಳೆದಿದೆ, ನಿಮ್ಮಲ್ಲಿ ಇದ್ದರೆ ಇನ್ನೊಂದು ಪ್ರತಿ ಕೊಡಿ ಎನ್ನುತ್ತಾರೆ. ಅಂಗಡಿಯವರು ಹುಡುಕುವ ಚೌಕದಲ್ಲಿ ಹೆಸರು ಬರೆದು ಎಂಟರ್ ಒತ್ತುತ್ತಾರೆ. ಬಾಣದ ಗುರುತು ತಿರುಗುವ ಚಕ್ರವಾಗುತ್ತದೆ. "ಸಿಕ್ತೇನ್ರಿ ಅಣ್ಣಾರ?" "ಹುಡುಕಾಕತ್ತೈತ್ರಿ, ತಡೀರಿ." ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ಬಸ್ಸಿಗೆ ಹೊತ್ತಾಯಿತೆಂದು ಬಂದವರು ಎದ್ದು ಹೋಗುತ್ತಾರೆ, ಇಲ್ಲವೇ ಪರದೆಯ ಮೇಲೆ 'ಏನೂ ಸಿಗಲಿಲ್ಲ' ಎಂಬ ಒಂದು ಸಾಲು ಬರುತ್ತದೆ. ಆ ಒಂದು ಸಾಲನ್ನು ನಂಬಿ ಜನ ದೊಡ್ಡ ದೊಡ್ಡ ನಿರ್ಧಾರ ಮಾಡುತ್ತಾರೆ. ಕಾಗದ ಇಲ್ಲವೆಂದು ಹೊಸದಾಗಿ ಬರೆಸುತ್ತಾರೆ, ಸಾಕ್ಷಿಯಿಲ್ಲವೆಂದು ಅಣ್ಣತಮ್ಮಂದಿರ ನಡುವೆ ರಾಜಿಗೆ ಇಳಿಯುತ್ತಾರೆ.

ಸಿಗಲಿಲ್ಲ ಅನ್ನುವುದಕ್ಕೂ ನೋಡಲಿಲ್ಲ ಅನ್ನುವುದಕ್ಕೂ ಇರುವ ಅಂತರವನ್ನು ಹುಡುಕುವ ಪ್ರೋಗ್ರಾಂ ಬಾಯಿಬಿಟ್ಟು ಹೇಳಬೇಕು. ಪ್ರೋಗ್ರಾಂ ಬರೆಯುವವರು ಪ್ರಗತಿ ತೋರಿಸುವ ಪಟ್ಟಿಯನ್ನು ಸಾಮಾನ್ಯವಾಗಿ ಕೊನೆಗೆ, ಸಮಯ ಉಳಿದರೆ ಸೇರಿಸುವ ಅಲಂಕಾರ ಎಂದು ತಿಳಿಯುತ್ತಾರೆ. ನನಗೆ ಅದು ಹುಡುಕಾಟದ ಲೆಕ್ಕಪುಸ್ತಕದಂತೆ ಕಾಣುತ್ತದೆ. ಎಲ್ಲಿಗೆ ಹೋದೆ, ಎಷ್ಟು ನೋಡಿದೆ, ಯಾವ ಬಾಗಿಲು ತೆರೆಯಲಿಲ್ಲ ಎಂಬುದು ಅದರಲ್ಲಿ ಬರೆದಿರದಿದ್ದರೆ ಕೊನೆಯಲ್ಲಿ ಬರುವ 'ಇಲ್ಲ' ಎಂಬ ಮಾತಿಗೆ ಆಧಾರವೇ ಇರುವುದಿಲ್ಲ.

ಫೋಲ್ಡರಿನೊಳಗೆ ಫೋಲ್ಡರ್ ಇಡುವ ವ್ಯವಸ್ಥೆ ಹಳೆಯದು. ಮಲ್ಟಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ ಎಂಬಿಬ್ಬರು 1965ರಲ್ಲಿ ಇದರ ವಿನ್ಯಾಸವನ್ನು ಪ್ರಕಟಿಸಿದರು. ಅದು ಯುನಿಕ್ಸ್‌ಗೆ ಬಂತು, ವಿಂಡೋಸ್‌ಗೂ ಬಂತು. ಇಂಥ ಮರದಲ್ಲಿ ಹುಡುಕುವ ಕ್ರಮ ಸರಳ: ಒಂದು ಫೋಲ್ಡರ್ ತೆರೆ, ಅದರಲ್ಲಿರುವ ಫೈಲುಗಳನ್ನು ನೋಡು, ಒಳಗೆ ಇನ್ನೊಂದು ಫೋಲ್ಡರ್ ಕಂಡರೆ ಇದೇ ಕೆಲಸವನ್ನು ಅಲ್ಲಿಂದ ಮತ್ತೆ ಶುರು ಮಾಡು. ಕೆಲಸ ತನ್ನನ್ನು ತಾನೇ ಕರೆಯುವ ಈ ರೀತಿಗೆ ಪ್ರೋಗ್ರಾಮರುಗಳು ರಿಕರ್ಷನ್ ಎನ್ನುತ್ತಾರೆ. ಹತ್ತು ಸಾಲಿನಲ್ಲಿ ಬರೆದು ಮುಗಿಸಬಹುದು. ಸೊಗಸೇನೆಂದರೆ ಮರ ಎಷ್ಟು ಆಳ ಇದೆಯೆಂದು ಬರೆಯುವವರಿಗೆ ಗೊತ್ತಿರಬೇಕಿಲ್ಲ. ತೊಂದರೆ ಹುಟ್ಟುವುದೂ ಅಲ್ಲೇ. ಪ್ರೋಗ್ರಾಂಗೂ ಅದು ಗೊತ್ತಿರುವುದಿಲ್ಲ. ಪೂರ್ತಿ ಸುತ್ತಿ ಬರುವವರೆಗೆ ಒಟ್ಟು ಎಷ್ಟು ಎಂಬ ಸಂಖ್ಯೆ ಯಾರ ಕೈಯಲ್ಲೂ ಇಲ್ಲ. ಒಟ್ಟು ಗೊತ್ತಿಲ್ಲದೆ ಶೇಕಡಾವಾರು ಎಲ್ಲಿಂದ ತರುವುದು?

ಹೊತ್ತು ಯಾಕೆ ಹಿಡಿಯುತ್ತದೆ ಎಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಹಳೆಯ ಅಂಗಡಿ ಕಂಪ್ಯೂಟರುಗಳಲ್ಲಿ ಈಗಲೂ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಇರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ, ಮುಳ್ಳು ಸರಿದು ಆ ಪಥಕ್ಕೆ ಹೋಗಲು ಇನ್ನೊಂದು 9 ಮಿಲಿಸೆಕೆಂಡ್. ಒಂದು ಸಲ ಹೋಗಿ ಮುಟ್ಟಲು 13 ಮಿಲಿಸೆಕೆಂಡ್ ಎಂದು ಹಿಡಿಯಿರಿ. ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ 10,000 ಫೋಲ್ಡರುಗಳನ್ನು ತೆರೆಯಲು ಎರಡು ನಿಮಿಷದ ಮೇಲೆ ಹತ್ತು ಸೆಕೆಂಡ್. ಹೆಸರು ನೋಡಿದರೆ ಸಾಲದು, ಒಳಗಿನ ಬರಹವನ್ನೂ ನೋಡಬೇಕು ಎಂದಾದರೆ ಒಂದು ಲಕ್ಷ ಫೈಲಿಗೆ ಸುಮಾರು 22 ನಿಮಿಷ. ಇದು ಬರೀ ಹೋಗಿ ಮುಟ್ಟುವ ಹೊತ್ತು, ಓದುವ ಹೊತ್ತು ಬೇರೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಬಹುಪಾಲು ಕರಗುತ್ತದೆ. ಆದರೆ ಹಳೆಯ ಕಾಗದಗಳು ಸಿಗುವುದು ಹಳೆಯ ಡಿಸ್ಕಿನಲ್ಲೇ.

22 ನಿಮಿಷ ಸುಮ್ಮನೆ ತಿರುಗುವ ಚಕ್ರ ನೋಡುತ್ತ ಕೂರಲು ಮನುಷ್ಯರಿಗೆ ಆಗುವುದಿಲ್ಲ. ರಾಬರ್ಟ್ ಮಿಲ್ಲರ್ ಎಂಬ ಐಬಿಎಂ ಸಂಶೋಧಕರು 1968ರಲ್ಲೇ ಕಂಪ್ಯೂಟರಿನ ಜೊತೆಗಿನ ವ್ಯವಹಾರವನ್ನು ಸಂಭಾಷಣೆ ಎಂದು ಪರಿಗಣಿಸಿ, ಉತ್ತರ ತಡವಾದಂತೆ ಮನುಷ್ಯನ ಯೋಚನೆಯ ಎಳೆ ಹೇಗೆ ತುಂಡಾಗುತ್ತದೆ ಎಂದು ಬರೆದರು. ಜೇಕಬ್ ನೀಲ್ಸನ್ ಅದನ್ನು 1993ರಲ್ಲಿ ಮೂರು ಮಿತಿಗಳಾಗಿ ಹೇಳಿದರು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ತಕ್ಷಣ ಬಂದಂತೆ, ಒಂದು ಸೆಕೆಂಡಿನವರೆಗೆ ಯೋಚನೆ ಕಡಿಯುವುದಿಲ್ಲ, ಹತ್ತು ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಹತ್ತು ಸೆಕೆಂಡಿನ ಆಚೆ ಏನಾದರೂ ತೋರಿಸಲೇಬೇಕು ಎಂಬುದು ಅಂದಿನಿಂದ ಪ್ರೋಗ್ರಾಮರುಗಳಿಗೆ ಪಾಠವಾಗಿದೆ.

ಏನು ತೋರಿಸಬೇಕು ಎಂಬಲ್ಲಿ ಒಂದು ಪ್ರಯೋಗವನ್ನು ನೆನೆಯಬೇಕು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬ್ರಾಡ್ ಮೈಯರ್ಸ್ 48 ಮಂದಿ ಸಹವಿದ್ಯಾರ್ಥಿಗಳಿಗೆ ದತ್ತಸಂಚಯದಲ್ಲಿ ಹುಡುಕುವ ಕೆಲಸ ಕೊಟ್ಟರು. ಕೆಲವು ಸಲ ಪ್ರಗತಿಪಟ್ಟಿ ಇತ್ತು, ಕೆಲವು ಸಲ ಇರಲಿಲ್ಲ. 86 ಪ್ರತಿಶತ ಮಂದಿ ಪಟ್ಟಿ ಇರುವುದೇ ಹಿತ ಎಂದರು. 1985ರಲ್ಲಿ ಬಂದ ಅವರ ಪ್ರಬಂಧ ಇವತ್ತು ಫೋನುಗಳ ಮೇಲೆ, ಎಟಿಎಂಗಳ ಮೇಲೆ ಕಾಣುವ ಪಟ್ಟಿಗಳಿಗೆಲ್ಲ ಒಂದು ಬುನಾದಿ. ಪಟ್ಟಿ ಪೂರ್ತಿ ನಿಖರವಾಗಿರದಿದ್ದರೂ ಜನರಿಗೆ ಅದು ಬೇಕು ಎಂಬುದು ಆಗಲೇ ಕಂಡುಬಂದಿತ್ತು. ಮುಂದೆ ಕ್ರಿಸ್ ಹ್ಯಾರಿಸನ್ ಮತ್ತು ಜೊತೆಗಾರರು 2007ರಲ್ಲಿ, ಕೊನೆಯಲ್ಲಿ ವೇಗ ಹೆಚ್ಚಿಸಿಕೊಳ್ಳುವ ಪಟ್ಟಿ ಅಷ್ಟೇ ಹೊತ್ತು ಹಿಡಿದರೂ ಬೇಗ ಮುಗಿದಂತೆ ಅನಿಸುತ್ತದೆ ಎಂದು ತೋರಿಸಿದರು.

ಮೈಯರ್ಸ್ ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸಾಲಿನ ಸಂಶೋಧನೆಯಿಂದ ಅನೇಕ ಕಂಪನಿಗಳು ಕಲಿತದ್ದು, ಪಟ್ಟಿ ಸುಳ್ಳು ಹೇಳಿದರೂ ನಡೆಯುತ್ತದೆ ಎಂಬ ಪಾಠ. ಸಿನಿಮಾ ಡೌನ್‌ಲೋಡಿಗೆ ಅದು ನಡೆದೀತು, ಏಕೆಂದರೆ ಅಲ್ಲಿ ಕೊನೆಯಲ್ಲಿ ಸಿನಿಮಾ ಬಂದೇ ಬರುತ್ತದೆ. ಹುಡುಕಾಟದಲ್ಲಿ ಕೊನೆಗೆ ಬರುವುದು 'ಇಲ್ಲ' ಆಗಿರಬಹುದು. ಅಂಥ ಕಡೆ 99ಕ್ಕೆ ಓಡಿ ನಿಲ್ಲುವ ಪಟ್ಟಿ ಮನುಷ್ಯನಿಗೆ ಮಾಡುವುದು ಮೋಸ. ಎಲ್ಲ ನೋಡಿ ಮುಗಿಯಿತು ಎಂಬ ನಂಬಿಕೆಯನ್ನು ಅದು ಹುಟ್ಟಿಸುತ್ತದೆ, ಆ ನಂಬಿಕೆಗೆ ಬೇಕಾದ ಲೆಕ್ಕ ಅದರ ಬಳಿ ಇರುವುದಿಲ್ಲ.

ಸಿಂಧನೂರು ಸೀಮೆಯ ರೈತರಿಗೆ ಪ್ರಾಮಾಣಿಕ ಪ್ರಗತಿ ವರದಿ ಅಂದರೆ ಏನೆಂದು ಬಹಳ ಹಿಂದಿನಿಂದ ಗೊತ್ತು. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟ ಸುದ್ದಿ ಬಂದ ಮೇಲೆ ಕೊನೆಭಾಗದ ರೈತ ಕೇಳುವುದು ಗೇಜನ್ನು. ಮೈಲ್ 69ರಲ್ಲಿ ಗೇಜ್ ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ? ಮುಖ್ಯ ನಾಲೆಯಿಂದ ವಿತರಣಾ ನಾಲೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಹೀಗೆ ಕವಲೊಡೆದ ಜಾಲದಲ್ಲಿ ನೀರು ಯಾವಾಗ ತನ್ನ ಗದ್ದೆಗೆ ಬರುತ್ತದೆಂದು ಗಂಟೆ ಗುರುತಿಸಿ ಹೇಳಲು ಯಾರಿಗೂ ಆಗದು. ಮೇಲಿನ ಯಾವ ತೂಬಿನಲ್ಲಿ ಎಷ್ಟು ಹರಿದುಹೋಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಆದರೆ ಇಲ್ಲಿಯವರೆಗೆ ಬಂದಿದೆ, ಇಷ್ಟು ಅಡಿ ಇದೆ ಎಂಬುದನ್ನು ಅಳತೆಗೋಲು ನೋಡಿ ಹೇಳಬಹುದು. ರೈತ ಅದನ್ನು ಕೇಳಿ ಭತ್ತದ ಸಸಿ ಮಡಿ ಹಾಕಬೇಕೋ ತಡೆಯಬೇಕೋ ಎಂದು ತಾನೇ ನಿರ್ಧರಿಸುತ್ತಾನೆ. ಹುಡುಕುವ ಪ್ರೋಗ್ರಾಂ ಕೊಡಬೇಕಾದದ್ದೂ ಇಂಥ ಗೇಜೇ.

ಹಾಗಾದರೆ ಪರದೆಯ ಮೇಲೆ ಏನಿರಬೇಕು? ಮೊದಲನೆಯದಾಗಿ, ನೋಡಿದ ಫೈಲುಗಳ ಸಂಖ್ಯೆ. '3,412 ಫೈಲ್ ನೋಡಲಾಗಿದೆ' ಎಂಬುದು ಸತ್ಯ. ಅದಕ್ಕೆ ಒಟ್ಟು ಬೇಕಾಗಿಲ್ಲ. ಆಮೇಲೆ ಈಗ ಇರುವ ಜಾಗ: ಸಿಂಧನೂರು › 2009 › ಆಗಸ್ಟ್ › ಅಫಿಡವಿಟ್. ಈ ದಾರಿ ಪರದೆಯ ಮೇಲೆ ಓಡುತ್ತಿದ್ದರೆ ಅಂಗಡಿಯವರಿಗೆ ಅಲ್ಲೇ ಎಷ್ಟೋ ವಿಷಯ ಹೊಳೆಯುತ್ತದೆ. ಅಯ್ಯೋ, ಇದು ಫೋಟೊ ಸ್ಟುಡಿಯೋದವರು ಇಟ್ಟುಹೋದ ಮದುವೆ ಫೋಟೊಗಳೊಳಗೆ ಇಳಿದಿದೆ, ಇಲ್ಲಿ ಕಾಗದ ಇರಲು ಸಾಧ್ಯವಿಲ್ಲ ಎಂದು ಅವರೇ ಹೇಳಬಲ್ಲರು. ಪ್ರೋಗ್ರಾಂಗೆ ಇಲ್ಲದ ಬುದ್ಧಿ ಕೂತವರಿಗಿದೆ. ಅದು ಕೆಲಸಕ್ಕೆ ಬರಬೇಕಾದರೆ ಪ್ರೋಗ್ರಾಂ ತಾನು ಎಲ್ಲಿದ್ದೇನೆಂದು ಹೇಳಬೇಕು, 'ಈ ಫೋಲ್ಡರ್ ಬಿಟ್ಟು ಮುಂದೆ ಹೋಗು' ಎಂಬ ಗುಂಡಿಯೊಂದನ್ನು ಕೊಡಬೇಕು. ಸಿಕ್ಕಿದ್ದನ್ನು ಸಿಕ್ಕ ಕೂಡಲೇ ತೋರಿಸಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಕೊಡುತ್ತೇನೆಂದು ಬಚ್ಚಿಟ್ಟುಕೊಳ್ಳುವ ಪ್ರೋಗ್ರಾಂಗಳು ಈಗಲೂ ಇವೆ, ಅವುಗಳಿಂದ ಕಾಯುವವರಿಗೆ ಕಾರಣವಿಲ್ಲದ ತೊಂದರೆ.

ಇಷ್ಟಾದರೂ ಜನಕ್ಕೆ ಪಟ್ಟಿ ಬೇಕು. ಇನ್ನು ಎಷ್ಟು ಉಳಿದಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಪ್ರೋಗ್ರಾಮರುಗಳು ಮೂರು ನಾಲ್ಕು ದಾರಿ ಹುಡುಕಿದ್ದಾರೆ. ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಇಲ್ಲಿಯವರೆಗೆ ಕಂಡ ಫೋಲ್ಡರುಗಳಲ್ಲಿ ಎಷ್ಟು ಮುಗಿದಿವೆ ಎಂದು ಭಾಗಿಸುವುದು. ಕಂಡದ್ದು 300, ಮುಗಿದದ್ದು 120, ಅಂದರೆ 40 ಪ್ರತಿಶತ. ಮುಂದಿನ ಕ್ಷಣ ಒಂದು ಹಳೆಯ ಬ್ಯಾಕಪ್ ತೆರೆದು, ಕಂಡ ಫೋಲ್ಡರುಗಳು 900ಕ್ಕೆ ಏರುತ್ತವೆ, ಮುಗಿದದ್ದು 130. ಪಟ್ಟಿ 40ರಿಂದ 14ಕ್ಕೆ ಹಿಂದೆ ಸರಿಯುತ್ತದೆ. ಲೆಕ್ಕ ತಪ್ಪಿಲ್ಲ, ಆದರೆ ಹಿಂದಕ್ಕೆ ಹೋಗುವ ಪಟ್ಟಿಯನ್ನು ಕಂಡವರು ಆಮೇಲೆ ಅದನ್ನು ನಂಬುವುದಿಲ್ಲ.

ಎರಡು ಸಲ ಸುತ್ತುವುದು ಇನ್ನೊಂದು ದಾರಿ: ಮೊದಲ ಸುತ್ತಿನಲ್ಲಿ ಬರೀ ಎಣಿಕೆ, ಎರಡನೆಯದರಲ್ಲಿ ಹುಡುಕಾಟ. ಬರೀ ಹೆಸರು ಹುಡುಕುವುದಾದರೆ ಇದು ದಂಡ, ಎಣಿಸಲು ಹೋದಾಗಲೇ ಹೆಸರು ನೋಡಿಬಿಡಬಹುದು. ಒಳಗಿನ ಬರಹ ಹುಡುಕುವುದಾದರೆ ಮಾತ್ರ ಇದರಲ್ಲಿ ಅರ್ಥವಿದೆ. ಮೇಲಿನ ಲೆಕ್ಕದಲ್ಲಿ ನೋಡಿದಂತೆ ಫೋಲ್ಡರುಗಳನ್ನು ಎಣಿಸಲು ಎರಡು ನಿಮಿಷ, ಫೈಲುಗಳನ್ನು ತೆರೆಯಲು 22 ನಿಮಿಷ. ಎರಡು ನಿಮಿಷ ಕೊಟ್ಟು ಉಳಿದ 22 ನಿಮಿಷಕ್ಕೆ ನಿಜವಾದ ಶೇಕಡಾವಾರು ಪಡೆಯುವುದು ಒಳ್ಳೆಯ ವ್ಯಾಪಾರ. ಎಣಿಸುವ ಹೊತ್ತಿನಲ್ಲಿ 'ಎಣಿಸುತ್ತಿದ್ದೇನೆ' ಎಂದೇ ತೋರಿಸಬೇಕು, ಪಟ್ಟಿಯನ್ನು ಆಗಲೇ ಓಡಿಸಬಾರದು. ಪೈಥಾನ್ ಭಾಷೆಗೆ 2015ರ ಆವೃತ್ತಿಯಲ್ಲಿ ಸ್ಕ್ಯಾನ್‌ಡಿರ್ ಎಂಬ ಸೌಲಭ್ಯ ಬಂದ ಮೇಲೆ ಎಣಿಕೆ ಬಹಳ ಹಗುರವಾಯಿತು. ಫೋಲ್ಡರನ್ನು ಓದುವಾಗಲೇ ಯಾವುದು ಫೈಲ್, ಯಾವುದು ಫೋಲ್ಡರ್ ಎಂದು ತಿಳಿದುಬಿಡುವುದರಿಂದ ಒಂದೊಂದನ್ನೂ ಮತ್ತೆ ಹೋಗಿ ವಿಚಾರಿಸುವ ಕೆಲಸ ತಪ್ಪಿತು.

ನನಗೆ ಹೆಚ್ಚು ಇಷ್ಟವಾದದ್ದು ಪಾಲು ಹಂಚುವ ದಾರಿ. ಇಡೀ ಹುಡುಕಾಟಕ್ಕೆ ನೂರು ಅಂಕ. ಮೇಲಿನ ಹಂತದಲ್ಲಿ ಲಿಂಗಸುಗೂರು, ಸಿಂಧನೂರು, ಮಾನ್ವಿ ಎಂಬ ಮೂರು ಫೋಲ್ಡರಿದ್ದರೆ ಒಂದೊಂದಕ್ಕೆ 33.3. ಸಿಂಧನೂರಿನೊಳಗೆ 20 ಫೋಲ್ಡರಿದ್ದರೆ ಅವು ತಮ್ಮ ಪಾಲಿನ 33.3ನ್ನು ಹಂಚಿಕೊಳ್ಳುತ್ತವೆ, ಒಂದೊಂದಕ್ಕೆ 1.67. ಹೀಗೆ ಕೆಳಗಿನವರೆಗೆ. ಒಂದು ಫೋಲ್ಡರ್ ಮುಗಿದಾಗ ಅದರ ಪಾಲನ್ನು ಪಟ್ಟಿಗೆ ಸೇರಿಸುವುದು. ಮೊದಲೇ ಎಣಿಸಬೇಕಾಗಿಲ್ಲ, ಪಟ್ಟಿ ಎಂದಿಗೂ ಹಿಂದೆ ಸರಿಯುವುದಿಲ್ಲ, ಮುಗಿದಾಗ ಸರಿಯಾಗಿ ನೂರಕ್ಕೆ ನಿಲ್ಲುತ್ತದೆ. ಕೊರತೆಯೊಂದಿದೆ. ಹಂಚಿಕೆ ಸಮನಾಗಿದ್ದರೂ ಮರ ಸಮನಾಗಿರುವುದಿಲ್ಲ. ಆ ಇಪ್ಪತ್ತರಲ್ಲಿ ಒಂದು 'ಹಳೇ ಸಿಸ್ಟಂ ಬ್ಯಾಕಪ್' ಆಗಿ, ಅದರೊಳಗೇ 40,000 ಫೈಲುಗಳಿದ್ದರೆ ಪಟ್ಟಿ ಅಲ್ಲಿ 1.67 ಅಂಕದೊಳಗೆ ಹತ್ತು ನಿಮಿಷ ತೆವಳುತ್ತದೆ. ಆಗ ಕಾಯುವವರ ಧೈರ್ಯ ಉಳಿಸುವುದು ಪಟ್ಟಿಯ ಪಕ್ಕದಲ್ಲಿ ಏರುತ್ತಿರುವ ಫೈಲ್ ಸಂಖ್ಯೆ ಮತ್ತು ಓಡುತ್ತಿರುವ ದಾರಿ. ಆದ್ದರಿಂದಲೇ ಪಟ್ಟಿಯನ್ನು ಒಂಟಿಯಾಗಿ ಬಿಡಬಾರದು ಎನ್ನುತ್ತೇನೆ.

ಒಳಗಿನ ಕೆಲಸದಲ್ಲಿ ಎರಡು ಎಚ್ಚರಿಕೆ ಬೇಕು. ಹುಡುಕುವ ಕೆಲಸವನ್ನೂ ಪರದೆ ಬಿಡಿಸುವ ಕೆಲಸವನ್ನೂ ಒಂದೇ ಎಳೆಗೆ (ಥ್ರೆಡ್ಡಿಗೆ) ಕೊಟ್ಟರೆ ಹುಡುಕಾಟ ಮುಗಿಯುವವರೆಗೆ ಪರದೆ ಬಿಳಿಚಿಕೊಂಡು 'ನಾಟ್ ರೆಸ್ಪಾಂಡಿಂಗ್' ಎನ್ನುತ್ತದೆ. ಕಾಯುವವರು ಕಂಪ್ಯೂಟರ್ ಹ್ಯಾಂಗ್ ಆಯಿತೆಂದು ಪವರ್ ಗುಂಡಿ ಒತ್ತುತ್ತಾರೆ, ಅದುವರೆಗಿನ ಹುಡುಕಾಟವೆಲ್ಲ ಮಣ್ಣುಪಾಲು. ಹುಡುಕುವುದು ಒಂದು ಥ್ರೆಡ್ಡಿನಲ್ಲಿ, ತೋರಿಸುವುದು ಇನ್ನೊಂದರಲ್ಲಿ ಇರಬೇಕು. ಇನ್ನೊಂದು ಎಚ್ಚರಿಕೆ ಪರದೆಯ ವೇಗದ್ದು. ಪ್ರತಿ ಫೈಲಿಗೂ ಪರದೆಯನ್ನು ಹೊಸದಾಗಿ ಬಿಡಿಸಿದರೆ ಬಿಡಿಸುವುದೇ ಹುಡುಕುವುದಕ್ಕಿಂತ ದೊಡ್ಡ ಕೆಲಸವಾಗುತ್ತದೆ. ಸೆಕೆಂಡಿಗೆ ಹತ್ತು ಸಲ ಬದಲಾದರೆ ಕಣ್ಣಿಗೆ ಧಾರಾಳವಾಯಿತು. ನೀಲ್ಸನ್ನರ ಮೊದಲ ಮಿತಿಯೂ ಅಷ್ಟೇ ಅಲ್ಲವೇ? 'ನಿಲ್ಲಿಸು' ಎಂದವರ ಮಾತನ್ನು ಕೇಳಲು ಪ್ರತಿ ಫೋಲ್ಡರಿನ ಬಾಗಿಲಲ್ಲೂ ಒಮ್ಮೆ ವಿಚಾರಿಸಿಕೊಂಡರೆ ಸಾಕು, ನಿಲ್ಲಿಸಿದಾಗ ಸಿಕ್ಕಷ್ಟನ್ನು ಉಳಿಸಿಕೊಳ್ಳಬೇಕು.

ಯುನಿಕ್ಸ್ ಪರಂಪರೆಯವರು ಇಲ್ಲಿ ತಕರಾರು ತೆಗೆಯಬಹುದು. ಅಲ್ಲಿನ ಫೈಂಡ್ ಎಂಬ ಆಜ್ಞೆ ಸಿಕ್ಕಿದ್ದನ್ನು ಒಂದೊಂದಾಗಿ ಮುದ್ರಿಸುತ್ತದೆ, ಸಿಗದಿದ್ದರೆ ಮೌನವಾಗಿರುತ್ತದೆ. ಹೇಳುವಂಥದ್ದಿಲ್ಲದಾಗ ಸುಮ್ಮನಿರು ಎಂಬುದು ಆ ಪರಂಪರೆಯ ನಿಯಮ. ಒಂದು ಆಜ್ಞೆಯ ಉತ್ತರವನ್ನು ಇನ್ನೊಂದಕ್ಕೆ ಉಣಿಸುವ ಕಡೆ ನಡುವೆ ಪ್ರಗತಿಯ ಮಾತು ಸೇರಿದರೆ ಎಲ್ಲ ಕೆಡುತ್ತದೆ, ನಿಜ. ಅದಕ್ಕೆ ಪರಿಹಾರವೂ ಅಲ್ಲೇ ಇದೆ: ಉತ್ತರಕ್ಕೆ ಒಂದು ಹರಿವು, ತೊಂದರೆ ತಕರಾರಿಗೆ ಇನ್ನೊಂದು ಹರಿವು ಎಂದು ಯುನಿಕ್ಸ್ ಬೇರೆ ಮಾಡಿಟ್ಟಿದೆ. ಪ್ರಗತಿ ಎರಡನೆಯದರಲ್ಲಿ ಹೋಗಲಿ. ಬಿಎಸ್‌ಡಿ ಕುಲದ ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಟಿ ಕೀಲಿ ಒಟ್ಟಿಗೆ ಒತ್ತಿದರೆ ಓಡುತ್ತಿರುವ ಪ್ರೋಗ್ರಾಂ ತನ್ನ ಸ್ಥಿತಿ ಹೇಳುವ ಏರ್ಪಾಡಿದೆ. ಕೇಳಿದಾಗ ಹೇಳುವ ಈ ಮರ್ಯಾದೆ ನನಗೆ ಬಹಳ ಹಿಡಿಸುತ್ತದೆ. ಡಿಸ್ಕ್ ನಕಲು ಮಾಡುವ ಡಿಡಿ ಎಂಬ ಹಳೆಯ ಆಜ್ಞೆ ದಶಕಗಳ ಕಾಲ ಮೂಕವಾಗಿದ್ದು, ಗ್ನೂ ಆವೃತ್ತಿಯಲ್ಲಿ 2015ರಲ್ಲಿ ಪ್ರಗತಿ ಹೇಳುವ ಆಯ್ಕೆ ಪಡೆಯಿತು. ಮೌನದ ನಿಯಮ ಪಾಲಿಸುವವರಿಗೂ ಕಾಯುವುದು ಕಷ್ಟ ಎಂಬುದು ತಿಳಿದಿತ್ತು.

ಈಗ ಬಾಗಿಲು ತೆರೆಯದ ಫೋಲ್ಡರುಗಳ ವಿಷಯ. ಈ ಬರಹ ಬರೆಯಲು ನಿಜವಾದ ಕಾರಣ ಇದೇ. ಹಳೆಯ ವಿಂಡೋಸ್ ಹಾಳಾಗಿ ಹೊಸದು ಹಾಕಿಸಿದ ಕಂಪ್ಯೂಟರಿನಲ್ಲಿ ಹಿಂದಿನ ಬಳಕೆದಾರನ ಹೆಸರಿನ ಫೋಲ್ಡರುಗಳಿಗೆ ಈಗಿನ ಬಳಕೆದಾರನಿಗೆ ಪ್ರವೇಶ ಇರುವುದಿಲ್ಲ. ಅಲ್ಲೇ ಹಳೆಯ ಡೆಸ್ಕ್‌ಟಾಪ್ ಇರುತ್ತದೆ, ನಮ್ಮ ಅಂಗಡಿಗಳಲ್ಲಿ ಕಾಗದಗಳೆಲ್ಲ ಉಳಿಯುವುದು ಡೆಸ್ಕ್‌ಟಾಪಿನ ಮೇಲೆಯೇ. ಹುಡುಕುವ ಪ್ರೋಗ್ರಾಂ ಆ ಬಾಗಿಲಿಗೆ ಬಂದು, ಅನುಮತಿ ಇಲ್ಲ ಎಂಬ ಉತ್ತರ ಕೇಳಿ, ಸುಮ್ಮನೆ ಮುಂದೆ ಹೋಗುತ್ತದೆ. ಬಹುಪಾಲು ಪ್ರೋಗ್ರಾಮರುಗಳು ಹೀಗೇ ಬರೆಯುತ್ತಾರೆ, ಒಂದು ಬಾಗಿಲು ಮುಚ್ಚಿದ್ದಕ್ಕೆ ಇಡೀ ಹುಡುಕಾಟ ನಿಲ್ಲಬಾರದಲ್ಲ. ನಿಲ್ಲಬೇಕಿಲ್ಲ, ಆದರೆ ಬರೆದಿಡಬೇಕು. ವಿಂಡೋಸ್‌ನಲ್ಲಿ ಬಹುಕಾಲದಿಂದ ದಾರಿಯ ಉದ್ದಕ್ಕೆ 260 ಅಕ್ಷರಗಳ ಮಿತಿ ಇದೆ. ಬ್ಯಾಕಪ್ಪಿನೊಳಗೆ ಬ್ಯಾಕಪ್, ಅದರೊಳಗೆ 'ನ್ಯೂ ಫೋಲ್ಡರ್' ಎಂದು ಇಳಿಯುತ್ತ ಹೋದರೆ ಮಿತಿ ದಾಟಿ ಕೆಳಗಿನ ಫೈಲುಗಳು ಅನೇಕ ಪ್ರೋಗ್ರಾಂಗಳ ಕಣ್ಣಿಗೇ ಬೀಳುವುದಿಲ್ಲ. ಕೆಲವು ಫೋಲ್ಡರುಗಳು ಬರೀ ಕೈಕಂಬಗಳು, ಮೇಲಿನ ಫೋಲ್ಡರಿಗೇ ಮತ್ತೆ ದಾರಿ ತೋರಿಸುತ್ತವೆ. ಅವುಗಳ ಹಿಂದೆ ಹೋದ ಪ್ರೋಗ್ರಾಂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ, ಹಾಗಾಗಿ ಅವನ್ನು ಬಿಟ್ಟು ಮುಂದೆ ಹೋಗುವುದು ಸರಿ, ಬಿಟ್ಟೆ ಎಂದು ಹೇಳುವುದೂ ಸರಿ. ಜಿಪ್ ಮಾಡಿಟ್ಟ ಗಂಟುಗಳು, ಪಾಸ್‌ವರ್ಡ್ ಹಾಕಿದ ಪಿಡಿಎಫ್‌ಗಳು, ಓದಲು ಬಾರದಂತೆ ಸವೆದ ಪೆನ್ ಡ್ರೈವಿನ ಜಾಗಗಳು ಎಲ್ಲ ಹೀಗೆ ನೋಡದೆ ಬಿಟ್ಟವುಗಳ ಯಾದಿಗೆ ಸೇರುತ್ತವೆ.

ಕನ್ನಡದ ಕಾಗದಗಳಿಗೆ ಇನ್ನೊಂದು ಕುತ್ತು ಇದೆ. ಸರ್ಕಾರಿ ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಬಹುಕಾಲ ನಡೆದದ್ದು 'ನುಡಿ' ತಂತ್ರಾಂಶದ ಹಳೆಯ ಫಾಂಟ್ ವಿಧಾನದ ಟೈಪಿಂಗ್. ಅದರಲ್ಲಿ ಪರದೆಯ ಮೇಲೆ 'ಮಸ್ಕಿ' ಎಂದು ಕಂಡರೂ ಫೈಲಿನೊಳಗೆ ಉಳಿಯುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಇವತ್ತು ಯುನಿಕೋಡಿನಲ್ಲಿ 'ಮಸ್ಕಿ' ಎಂದು ಟೈಪಿಸಿ ಹುಡುಕಿದರೆ ಆ ಫೈಲಿನಲ್ಲಿ ಆ ಪದ ಇರುವುದೇ ಇಲ್ಲ. ಪ್ರೋಗ್ರಾಂ ಫೈಲನ್ನು ತೆರೆಯಿತು, ಓದಿತು, ಎಣಿಕೆಗೆ ಸೇರಿಸಿತು, ಇಲ್ಲವೆಂದಿತು. ಮುಚ್ಚಿದ ಬಾಗಿಲಿಗಿಂತ ಇದು ಕೆಟ್ಟದ್ದು, ಏಕೆಂದರೆ ಪಟ್ಟಿಯೂ ಸಂಖ್ಯೆಯೂ ಎಲ್ಲ ಸರಿಯಾಗಿಯೇ ಕಾಣುತ್ತವೆ. ಕನ್ನಡಕ್ಕೆಂದು ಬರೆದ ಹುಡುಕುವ ಪ್ರೋಗ್ರಾಂ ಒಂದೇ ಹೆಸರನ್ನು ಯುನಿಕೋಡಿಗೂ ನುಡಿಯ ಸಂಕೇತಕ್ಕೂ ಪರಿವರ್ತಿಸಿಕೊಂಡು ಎರಡನ್ನೂ ಹುಡುಕಬೇಕು. ಜೊತೆಗೆ ಲಿಂಗಸುಗೂರು, ಲಿಂಗಸೂಗೂರು, ಲಿಂಗಸೂರು ಎಂದು ಬರೆಯುವ ಬಗೆಗಳೂ ಇವೆ, ಸಿಂಧನೂರಿಗೆ ಮಹಾಪ್ರಾಣ ಬಿಟ್ಟವರೂ ಇದ್ದಾರೆ. ಯಾವ ಯಾವ ರೂಪಗಳನ್ನು ಹುಡುಕಿದೆ ಎಂಬುದು ವರದಿಯಲ್ಲಿ ಕಾಣಬೇಕು. ಇಲ್ಲದಿದ್ದರೆ ಬಿಟ್ಟುಹೋದ ರೂಪ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.

ಹುಡುಕುವ ಹೆಸರು ಒಂದು, ಬರೆದಿಟ್ಟ ಹೆಸರು ಇನ್ನೊಂದು ಆದಾಗ ಏನಾಗುತ್ತದೆ ಎಂಬುದಕ್ಕೆ ಈ ನೆಲದಲ್ಲೇ ಹೆಸರಾದ ನಿದರ್ಶನವಿದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಬಿಡಿಸಿದ ಮೇಲೆ ವಿದ್ವಾಂಸರು ದೇಶದ ಉದ್ದಗಲಕ್ಕೂ ಬಂಡೆ, ಕಂಬಗಳ ಶಾಸನಗಳನ್ನು ಓದಿದರು. ಅವುಗಳಲ್ಲಿ ಸಿಗುತ್ತಿದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ಪ್ರಿಯದರ್ಶಿ ಅಶೋಕನೇ ಎಂದು ಹೇಳಲು ಸಿಂಹಳದ ಗ್ರಂಥಗಳ ಆಸರೆ ಬೇಕಾಯಿತು. ಚಿನ್ನದ ಅದಿರು ಹುಡುಕುವ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಬರಹ ಕಂಡರು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ನಿಜಾಮರ ಸೀಮೆಯ ಈ ಬಂಡೆಯ ಬರಹವನ್ನು ಯಾರೂ ಓದದ ಎಪ್ಪತ್ತೆಂಟು ವರ್ಷ, ಶಾಸನಗಳಲ್ಲಿ ಅಶೋಕ ಎಂಬ ಹೆಸರಿಲ್ಲ ಎಂಬ ಮಾತು ಓದಿದ ಶಾಸನಗಳ ಮಟ್ಟಿಗೆ ಮಾತ್ರ ನಿಜವಾಗಿತ್ತು.

ಇದೆಲ್ಲ ತಾಪತ್ರಯ ಯಾಕೆ, ಮೊದಲೇ ಸೂಚಿ ಮಾಡಿಟ್ಟರೆ ಆಗದೇ ಎಂದು ಕೇಳಬಹುದು. ಆಗುತ್ತದೆ. ಕರ್ನಾಟಕದ ಭೂಮಿ ಯೋಜನೆ ಮಾಡಿದ್ದು ಅದನ್ನೇ. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಸರ್ವೆ ನಂಬರ್ ಹೇಳಿದರೆ ಕೂಡಲೇ ತೆಗೆದುಕೊಡುವಂತೆ ಮಾಡಿತು. ಅಲ್ಲಿ ಪಟ್ಟಿಯೂ ಬೇಡ, ಗೇಜೂ ಬೇಡ. ಈಗ ಕಂದಾಯ ಇಲಾಖೆ ಭೂ ಸುರಕ್ಷಾ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಸ್ಕ್ಯಾನ್ ಆದ ಪುಟ ಬರೀ ಚಿತ್ರ. ಅದಕ್ಕೆ ಊರು, ವರ್ಷ, ಸರ್ವೆ ನಂಬರ್ ಬರೆದು ಸೂಚಿಗೆ ಸೇರಿಸಿದರೆ ಮಾತ್ರ ಮುಂದೆ ಸಿಗುತ್ತದೆ. ನಮ್ಮ ಸೀಮೆಯ ಹಳೆಯ ಕಾಗದಗಳಲ್ಲಿ ನಿಜಾಮರ ಕಾಲದ ಉರ್ದು ಬರಹಗಳೂ ಇವೆ, ಅವನ್ನು ಓದಿ ಸೂಚಿಗೆ ಸೇರಿಸಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅಂಗಡಿಗಳ, ವಕೀಲರ ಗುಮಾಸ್ತರ, ಸಹಕಾರ ಸಂಘಗಳ, ಶಾಲೆಗಳ ಕಂಪ್ಯೂಟರಿನಲ್ಲಿರುವುದಕ್ಕೆ ಯಾವ ಸೂಚಿಯೂ ಇಲ್ಲ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಕುಟುಂಬಗಳಿಗೆ ಬೇಕಾಗುವ ದಶಕಗಳ ಹಿಂದಿನ ಕಾಗದ, ಸಂವಿಧಾನದ 371 ಜೆ ವಿಧಿಯ ಪ್ರಮಾಣಪತ್ರಕ್ಕೆ ಬೇಕಾಗುವ ಶಾಲಾ ದಾಖಲೆ ಇಂಥ ಕಡೆಗಳಲ್ಲೇ ಹುದುಗಿರುತ್ತವೆ. ಫೋಲ್ಡರಿನಿಂದ ಫೋಲ್ಡರಿಗೆ ಇಳಿದು ಹುಡುಕುವ ಕೆಲಸ ಇನ್ನೂ ಬಹಳ ಕಾಲ ಇರುತ್ತದೆ.

ಆದ್ದರಿಂದ ಪ್ರೋಗ್ರಾಂ ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಹುಡುಕಾಟ ಮುಗಿದ ಮೇಲಿನ ಪರದೆಯ ಬಗ್ಗೆ. 'ಏನೂ ಸಿಗಲಿಲ್ಲ' ಎಂದು ನಿಲ್ಲಿಸಬೇಡಿ. ಇಷ್ಟು ಫೋಲ್ಡರುಗಳಲ್ಲಿ ಇಷ್ಟು ಫೈಲು ನೋಡಿದೆ, ಇಷ್ಟು ಫೋಲ್ಡರಿಗೆ ಅನುಮತಿ ಸಿಗಲಿಲ್ಲ, ಇಷ್ಟು ಫೈಲು ಓದಲು ಬರಲಿಲ್ಲ, ಹೆಸರಿನ ಈ ರೂಪಗಳನ್ನು ಹುಡುಕಿದೆ ಎಂದು ಹೇಳಿ. ತೆರೆಯದ ಫೋಲ್ಡರುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಬಂದವರ ಕೈಗೆ ಕೊಡುವಂತಿರಲಿ. ಅದನ್ನು ಹಿಡಿದು ಅವರು ಆ ಹಳೆಯ ಡಿಸ್ಕನ್ನು ಬಲ್ಲವರ ಬಳಿ ಒಯ್ಯಬಹುದು, ಇಲ್ಲವೇ ಯಾವ ತಾಲ್ಲೂಕಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕೆಂದು ತಿಳಿಯಬಹುದು. ಅದೇ ಲೆಕ್ಕವನ್ನು ಒಂದು ಚಿಕ್ಕ ಫೈಲಿನಲ್ಲಿ, ಫೋಲ್ಡರುವಾರು ಸಂಖ್ಯೆಯೊಂದಿಗೆ ಉಳಿಸಿಡಿ. ಮುಂದಿನ ಸಲ ಅದೇ ಡಿಸ್ಕಿನಲ್ಲಿ ಹುಡುಕುವಾಗ ಪಾಲನ್ನು ಕಣ್ಣುಮುಚ್ಚಿ ಸಮನಾಗಿ ಹಂಚಬೇಕಿಲ್ಲ. ಆ 40,000 ಫೈಲುಗಳ ಬ್ಯಾಕಪ್ಪಿಗೆ ಅದರ ತೂಕಕ್ಕೆ ತಕ್ಕ ಪಾಲು ಸಿಗುತ್ತದೆ, ಪಟ್ಟಿಯೂ ಅಲ್ಲಿ ತೆವಳುವುದಿಲ್ಲ.